ಸಣ್ಣ ಸ್ಟೇಶನ್ನಿನ ನಿಲುಗಡೆ ಉಳಿಯಬೇಕಾದರೆ



ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಸುಮಾರು 20 ಕಿಲೋಮೀಟರ್ ರೈಲು ದಾರಿಯಲ್ಲಿ ಉಣಕಲ್, ಅಮರಗೋಳ, ನವಲೂರು ಎಂಬ ಮೂರು ಸಣ್ಣ ಸ್ಟೇಶನ್ನುಗಳಿವೆ. ಎಕ್ಸ್‌ಪ್ರೆಸ್ ರೈಲಿನಲ್ಲಿ ಕುಳಿತವರಿಗೆ ಇವು ಕಿಟಕಿಯಾಚೆ ಸರಿದುಹೋಗುವ ಹಳದಿ ಫಲಕಗಳು ಮಾತ್ರ. ತಲೆಯ ಮೇಲೆ ಬುಟ್ಟಿ, ಬಗಲಲ್ಲಿ ಬುತ್ತಿ ಹಿಡಿದು ಪ್ಯಾಸೆಂಜರ್ ರೈಲಿಗೆ ಕಾಯುವವರಿಗೆ ಮಾತ್ರ ಇವು ಪೇಟೆಯ ಬಾಗಿಲು.

ನಡುವಿನ ಅಮರಗೋಳವನ್ನೇ ನೋಡಿ. ನವನಗರಕ್ಕೆ ಹತ್ತಿರದ ಸ್ಟೇಶನ್ ಅದು. ಹುಬ್ಬಳ್ಳಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ ಇರುವುದು ಅಮರಗೋಳದಲ್ಲಿಯೇ. ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯ ಆಸ್ಪತ್ರೆ ಇರುವುದು ನವನಗರದಲ್ಲಿ. 2009ರಲ್ಲಿ ಹುಟ್ಟಿದ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಅಲ್ಲಿಯೇ ಇದೆ. ಮಾರುಕಟ್ಟೆ, ಆಸ್ಪತ್ರೆ, ವಿದ್ಯೆ, ಹಳ್ಳಿಯವನು ಪೇಟೆಗೆ ಬರುವ ಈ ಮೂರು ಕಾರಣಗಳೂ ಒಂದೇ ಸಣ್ಣ ಸ್ಟೇಶನ್ನಿನ ಆಸುಪಾಸಿನಲ್ಲಿ ಸೇರಿಕೊಂಡಿವೆ.

ಅಳ್ನಾವರ, ಕಂಬಾರಗಣವಿ, ಮುಗದ, ಕ್ಯಾರಕೊಪ್ಪದ ಕಡೆಯಿಂದ ಬರುವ ಒಕ್ಕಲಿಗನಿಗೆ ಹುಬ್ಬಳ್ಳಿಗಿಂತ ಮೊದಲೇ ಅಮರಗೋಳ ಸಿಗುತ್ತದೆ. ರೈಲು ಅಲ್ಲಿ ಒಂದು ನಿಮಿಷ ನಿಂತರೆ ಮಾರುಕಟ್ಟೆಯ ಕೆಲಸಕ್ಕೆ ಅಲ್ಲಿಯೇ ಇಳಿಯಬಹುದು. ನಿಲ್ಲದಿದ್ದರೆ ಹುಬ್ಬಳ್ಳಿಯವರೆಗೆ ಹೋಗಿ, ಅಲ್ಲಿಂದ ಮತ್ತೆ ಬಸ್ಸು ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಮಾಲು ಟ್ರ್ಯಾಕ್ಟರಿನಲ್ಲೋ ಟೆಂಪೋದಲ್ಲೋ ಬರುತ್ತದೆ, ನಿಜ. ಆದರೆ ಧಾರಣಿ ವಿಚಾರಿಸಲು, ಅಡತಿ ಅಂಗಡಿಯಿಂದ ಬಾಕಿ ಹಣ ಇಸಿದುಕೊಳ್ಳಲು, ಬೀಜ-ಔಷಧ ಒಯ್ಯಲು ಮನುಷ್ಯ ಬರಲೇಬೇಕಲ್ಲ? ಅವನಿಗೆ ರೈಲಿನಷ್ಟು ಅಗ್ಗದ ವಾಹನ ಇನ್ನೊಂದಿಲ್ಲ. ಆಸ್ಪತ್ರೆಗೆ ಮೇಲಿಂದ ಮೇಲೆ ಬರಬೇಕಾದ ರೋಗಿಗೂ ಅವನ ಜೊತೆ ಬರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಆದುದರಿಂದ “ನಮ್ಮೂರಲ್ಲಿ ರೈಲು ನಿಲ್ಲಲಿ” ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಇಂದು ನಾವು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಅದರ ಮುಂದಿನದು. ನಿಲುಗಡೆಯನ್ನು ಬೇಡಿ ಪಡೆಯುವುದು ಅರ್ಧ ಕೆಲಸ ಮಾತ್ರ. ಪಡೆದದ್ದನ್ನು ಉಳಿಸಿಕೊಳ್ಳುವುದು ಇನ್ನರ್ಧ. ಮೊದಲ ಅರ್ಧಕ್ಕೆ ನಾವು ಠರಾವು ಬರೆಯುತ್ತೇವೆ, ಮೆರವಣಿಗೆ ತೆಗೆಯುತ್ತೇವೆ, ರೈಲು ಮೊದಲ ದಿನ ನಿಂತಾಗ ಡ್ರೈವರನಿಗೆ ಹಾರ ಹಾಕುತ್ತೇವೆ. ಎರಡನೆಯ ಅರ್ಧ ಯಾರ ನೆನಪಿಗೂ ಬರುವುದಿಲ್ಲ.

ಸ್ವಲ್ಪ ಹಿಂದಿನ ಸಂಗತಿ ತಿಳಿಯೋಣ. 1876ರಿಂದ 1878ರವರೆಗೆ, ಹಿರಿಯರು ಧಾತು ಸಂವತ್ಸರದ ಬರ ಎಂದು ಹೇಳುವ ಆ ಭೀಕರ ಬರಗಾಲದಲ್ಲಿ, ನಮ್ಮ ಸೀಮೆಗೆ ಹೊರಗಿನ ಕಾಳು-ಕಡಿ ಬೇಗ ತಲುಪಿಸಲು ದಾರಿ ಇರಲಿಲ್ಲ. ಆ ಪಾಠದಿಂದ ಕಲಿತು ಬರ ನಿವಾರಣೆಯ ದಾರಿಗಳೆಂದು ಹಾಕಿದ ರೈಲುಗಳಲ್ಲಿ ನಮ್ಮ ಭಾಗದವೂ ಸೇರಿವೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1884ರಲ್ಲಿ ಹೋಟಗಿ–ಗದಗ ದಾರಿ ತೆರೆಯಿತು. ಮುಂದೆ ಹುಬ್ಬಳ್ಳಿ ಅದರ ದೊಡ್ಡ ಠಾಣ್ಯವಾಯಿತು. 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿಕೊಂಡು, 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿ, ಕಡೆಗೆ 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಮುಖ್ಯ ಸ್ಥಳವಾಯಿತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದ್ದು ಜಗತ್ತಿನಲ್ಲಿಯೇ ದೊಡ್ಡದೆನಿಸಿತು. ಅದೇ ವರ್ಷದ ಜೂನಿನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಗಾಡಿ ಓಡತೊಡಗಿತು. ಇವೆಲ್ಲ ನಮಗೆ ಹೆಮ್ಮೆಯ ಸಂಗತಿಗಳೇ. ಆದರೆ ಈ ದಾರಿಯ ಮೂಲ ಋಣ ಹಳ್ಳಿಯದು, ಹಸಿದ ಹೊಟ್ಟೆಯದು ಎಂಬುದನ್ನು ಮರೆಯಲಾಗದು.

ಇನ್ನು ಸ್ಟೇಶನ್ನುಗಳ ಜಾತಿ. ಎರಡು ಸ್ಟೇಶನ್ನುಗಳ ನಡುವೆ ಗಾಡಿಗಳ ಓಡಾಟವನ್ನು ಹತೋಟಿಯಲ್ಲಿಡುವ, ಸ್ಟೇಶನ್ ಮಾಸ್ತರರಿರುವ ಸ್ಟೇಶನ್ನುಗಳು ಒಂದು ಬಗೆ. ಅಂಥ ಹತೋಟಿಯ ಕೆಲಸವಿಲ್ಲದೆ ಜನ ಹತ್ತಿ ಇಳಿಯುವುದಕ್ಕಷ್ಟೇ ಇರುವವು ಇನ್ನೊಂದು ಬಗೆ. ಈ ಎರಡನೆಯ ಬಗೆಗೆ ರೈಲ್ವೆಯ ನಿಯಮದ ಪುಸ್ತಕದಲ್ಲಿ ‘ಫ್ಲ್ಯಾಗ್ ಸ್ಟೇಶನ್’ ಎಂಬ ಹೆಸರು ಇಂದಿಗೂ ಇದೆ. ಬಾವುಟ ತೋರಿಸಿದರೆ ಗಾಡಿ ನಿಲ್ಲುತ್ತಿದ್ದ ಕಾಲದ ಹೆಸರದು. ಈಗ ಬಾವುಟದ ಪದ್ಧತಿ ಹೋಗಿದೆ, ಹೆಸರು ಉಳಿದಿದೆ. ಇವುಗಳಲ್ಲಿಯೇ ಕೆಲವನ್ನು ‘ಹಾಲ್ಟ್’ ಎನ್ನುತ್ತೇವೆ. ಅನೇಕ ಹಾಲ್ಟುಗಳಲ್ಲಿ ರೈಲ್ವೆಯ ನೌಕರ ಇರುವುದಿಲ್ಲ. ಗುತ್ತಿಗೆ ಹಿಡಿದ ಏಜೆಂಟನೊಬ್ಬ ಹತ್ತಿರದ ಸ್ಟೇಶನ್ನಿನಿಂದ ತಿಕೀಟು ತಂದು ಮಾರುತ್ತಾನೆ. ಮಾರಿದ್ದರ ಮೇಲೆ ಕಮಿಶನ್ನೇ ಅವನ ಸಂಪಾದನೆ.

ಪರದೇಶಗಳಲ್ಲಿ ಕೋರಿಕೆಯ ಮೇರೆಗೆ ನಿಲ್ಲುವ ರೈಲು ಈಗಲೂ ಉಂಟು. ಬ್ರಿಟನ್ನಿನ ಸ್ಕಾಟ್ಲೆಂಡ್, ವೇಲ್ಸ್ ಪ್ರಾಂತಗಳ ಒಳನಾಡಿನಲ್ಲಿ ಗಾಡಿ ಬರುವುದನ್ನು ಕಂಡು ಪ್ರಯಾಣಿಕ ಕೈ ಎತ್ತುತ್ತಾನೆ, ಡ್ರೈವರ ನಿಲ್ಲಿಸುತ್ತಾನೆ. ಇಳಿಯಬೇಕಾದವನು ಮೊದಲೇ ಗಾರ್ಡನಿಗೆ ಹೇಳಿರಬೇಕು. ಹತ್ತುವವರೂ ಇಳಿಯುವವರೂ ಇಲ್ಲವಾದರೆ ಗಾಡಿ ಮೆಲ್ಲಗೆ ದಾಟಿ ಹೋಗುತ್ತದೆ. ಸ್ಕಾಟ್ಲೆಂಡಿನ ಉತ್ತರದ ದಾರಿಯಲ್ಲಿ 2022ರಿಂದ ಪ್ಲಾಟ್‌ಫಾರ್ಮಿನ ಮೇಲೆ ಗುಂಡಿಯುಳ್ಳ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಗುಂಡಿ ಒತ್ತಿದರೆ ದೂರದಲ್ಲಿ ಬರುತ್ತಿರುವ ಡ್ರೈವರನಿಗೆ ರೇಡಿಯೋ ಮೂಲಕ ಸುದ್ದಿ ಮುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಗುಡ್ಡಗಾಡಿನಲ್ಲಿಯೂ ಗುಂಡಿಯ ಪದ್ಧತಿ ಇದೆ. ಅಮೆರಿಕದ ಅಲಾಸ್ಕಾದಲ್ಲಿ ಕಾಡಿನ ನಡುವೆ ಮನೆ ಕಟ್ಟಿಕೊಂಡವರು ಕೈ ಬೀಸಿದರೆ ನಿಲ್ಲುವ ಗಾಡಿಯೂ ಒಂದಿದೆ.

ಇದನ್ನೇ ನಮ್ಮಲ್ಲಿ ಏಕೆ ಮಾಡಬಾರದು ಎಂದು ನೀವು ಕೇಳಬಹುದು. ಅಲ್ಲಿಯ ಆ ದಾರಿಗಳಲ್ಲಿ ಗಾಡಿಗೆ ಎರಡು-ಮೂರು ಡಬ್ಬಿ, ಸ್ಟೇಶನ್ನಿನಲ್ಲಿ ಒಬ್ಬಿಬ್ಬರು ಜನ. ನಮ್ಮ ದಾರಿಯಲ್ಲಿ ಉದ್ದ ಗಾಡಿ, ಒಂದರ ಬೆನ್ನಿಗೆ ಇನ್ನೊಂದು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ನಿಲ್ಲಬೇಕಾದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹಳಿ ಬೇಕು. ಕೈ ಎತ್ತಿದ್ದು ಕಂಡ ಮೇಲೆ ಬ್ರೇಕು ಹಾಕಿದರೆ ಗಾಡಿ ಮುಂದಿನ ಹೊಲದಲ್ಲಿ ನಿಂತೀತು! ಅಲ್ಲದೆ ನಮ್ಮ ಸ್ಟೇಶನ್ನುಗಳಲ್ಲಿ ಪ್ಯಾಸೆಂಜರ್ ಗಾಡಿಗೆ ಯಾರೂ ಕಾಯದ ದಿನ ಅಪರೂಪ. ಆದಕಾರಣ ನಮಗೆ ಬೇಕಾದದ್ದು ವೇಳಾಪತ್ರಿಕೆಯಲ್ಲಿ ಅಚ್ಚಾದ, ನಂಬಿ ಮನೆ ಬಿಡಬಹುದಾದ ನಿಲುಗಡೆ.

ಇಲ್ಲಿಯೇ ಒಂದು ಕೆಟ್ಟ ರೂಢಿಯ ಬಗ್ಗೆ ಹೇಳಿಬಿಡೋಣ. ಗಾಡಿ ನಿಲ್ಲದ ಊರುಗಳಲ್ಲಿ ಸರಪಳಿ ಎಳೆದು ಇಳಿಯುವವರು ಇದ್ದಾರೆ. ಸಕಾರಣವಿಲ್ಲದೆ ಸರಪಳಿ ಎಳೆಯುವುದು 1989ರ ರೈಲ್ವೆ ಕಾಯಿದೆಯ 141ನೆಯ ಕಲಮಿನಂತೆ ಅಪರಾಧ. ಅಪರಾಧವಷ್ಟೇ ಅಲ್ಲ, ಅದು ಊರಿಗೇ ನಷ್ಟ. ಹಿಂದಿನ ಗಾಡಿಗಳೆಲ್ಲ ತಡವಾಗುತ್ತವೆ. ಆ ಊರಿನ ಅರ್ಜಿ ನಾಳೆ ಕಚೇರಿಯ ಮೇಜಿನ ಮೇಲೆ ಬಂದಾಗ ಅಧಿಕಾರಿಯ ಮನಸ್ಸಿನಲ್ಲಿ ಮೊದಲು ಮೂಡುವುದು ಆ ಸರಪಳಿಯ ನೆನಪೇ.

ಹಾಗಾದರೆ ನಿಲುಗಡೆ ಸಿಗುವುದು ಹೇಗೆ? ಎಕ್ಸ್‌ಪ್ರೆಸ್ ಗಾಡಿಗಳ ಹೊಸ ನಿಲುಗಡೆಗೆ ದೆಹಲಿಯ ರೈಲ್ವೆ ಮಂಡಳಿಯ ಒಪ್ಪಿಗೆ ಬೇಕು. ಬಹುಮಟ್ಟಿಗೆ ಅದನ್ನು ಮೊದಲು ‘ಪ್ರಾಯೋಗಿಕ ನಿಲುಗಡೆ’ ಎಂದು, ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗೆ ಕೊಡುತ್ತಾರೆ. ಆ ಅವಧಿಯಲ್ಲಿ ಎಷ್ಟು ತಿಕೀಟು ಮಾರಾಟವಾಯಿತು ಎಂದು ನೋಡಿ ಮುಂದುವರಿಸುವುದೋ ಬಿಡುವುದೋ ನಿರ್ಧರಿಸುತ್ತಾರೆ. ಗಾಡಿ ಒಮ್ಮೆ ನಿಂತು ಹೊರಟರೆ ವಿದ್ಯುತ್ತೋ ಡೀಸೆಲ್ಲೋ ಖರ್ಚು, ಬ್ರೇಕಿನ ಸವೆತ, ಕಳೆದ ವೇಳೆ ಇವೆಲ್ಲ ರೈಲ್ವೆಯ ಲೆಕ್ಕಕ್ಕೆ ಬರುತ್ತವೆ. ಎದುರಿಗೆ ನಿಲ್ಲುವ ಲೆಕ್ಕ ತಿಕೀಟಿನದು ಮಾತ್ರ. ನಿಮ್ಮ ಕಷ್ಟ, ನಿಮ್ಮ ರೋಗಿ, ನಿಮ್ಮ ಮಗಳ ಕಾಲೇಜು ಯಾವುದೂ ಆ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಹಳ್ಳಿಯ ಹಾಲ್ಟಿನಲ್ಲಿ ದಿನಕ್ಕೆ 40 ಜನ ಗಾಡಿ ಹತ್ತುತ್ತಾರೆ ಎನ್ನಿ. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿ. ಎಲ್ಲರೂ ತಿಕೀಟು ತೆಗೆದರೆ ದಿನಕ್ಕೆ 400, ತಿಂಗಳಿಗೆ 12,000 ರೂಪಾಯಿ. ಆದರೆ 15 ಜನ ಮಾತ್ರ ತಿಕೀಟು ಪಡೆದು, ಉಳಿದವರು “ನಾಲ್ಕು ಸ್ಟೇಶನ್ ದಾರಿಗೆ ಯಾರು ಕೇಳುತ್ತಾರೆ” ಎಂದು ಹತ್ತಿದರೆ ತಿಂಗಳಿಗೆ 4,500 ರೂಪಾಯಿ. ಪುಸ್ತಕ ನೋಡುವ ಅಧಿಕಾರಿಗೆ ಆ ಊರಲ್ಲಿ ಇರುವುದು 15 ಪ್ರಯಾಣಿಕರು. ಉಳಿದ 25 ಜನ ಅವನ ಪಾಲಿಗೆ ಹುಟ್ಟಿಯೇ ಇಲ್ಲ. ಹತ್ತು ರೂಪಾಯಿ ಉಳಿಸಿದವನು ತಾನು ರೈಲ್ವೆಗೆ ಟೋಪಿ ಹಾಕಿದೆ ಎಂದುಕೊಳ್ಳುತ್ತಾನೆ. ನಿಜವಾಗಿ ಅವನು ಕುಯ್ದದ್ದು ತಾನು ಕುಳಿತ ಟೊಂಗೆಯನ್ನೇ.

ಮೋಸ ಮಾಡುವ ಮನಸ್ಸಿಲ್ಲದವರಿಂದಲೂ ಇದೇ ಹಾನಿಯಾಗುತ್ತದೆ. ಊರ ಹಾಲ್ಟಿನಿಂದ ದೂರ ಹೋಗುವವರು ಅಲ್ಲಿಂದ ತಿಕೀಟು ತೆಗೆಯದೆ, ದೊಡ್ಡ ಸ್ಟೇಶನ್ನಿಗೆ ಹೋದ ಮೇಲೆ ಅಲ್ಲಿಂದ ತೆಗೆಯುತ್ತಾರೆ. ಒಂದು ಸ್ಟೇಶನ್ನಿನ ಆದಾಯವೆಂದರೆ ಅಲ್ಲಿಂದ ಹೊರಟ ತಿಕೀಟಿನ ಹಣ. ಹೀಗೆ ನಮ್ಮೂರ ಹಣವೆಲ್ಲ ಹುಬ್ಬಳ್ಳಿಯ ಖಾತೆಗೆ ಜಮಾ ಆಗುತ್ತದೆ. ಸಣ್ಣ ಸ್ಟೇಶನ್ನಿಗೆ ಆದಾಯವಿಲ್ಲ ಎಂಬ ಷರಾ ಬೀಳುತ್ತದೆ.

ಹಾಲ್ಟಿನ ಏಜೆಂಟನ ಗತಿಯೂ ಇದಕ್ಕೆ ಸೇರಿದ್ದು. ತಿಕೀಟು ಹೋಗದಿದ್ದರೆ ಕಮಿಶನ್ ಇಲ್ಲ. ಕಮಿಶನ್ ಇಲ್ಲದಿದ್ದರೆ ಅವನು ಹೊಲದ ಕೆಲಸ ಬಿಟ್ಟು ಕಿಟಕಿಯ ಮುಂದೆ ಏಕೆ ಕುಳಿತಾನು? ಅವನು ಬಿಟ್ಟುಹೋದ ದಿನದಿಂದ ಪ್ರಾಮಾಣಿಕರಿಗೂ ತಿಕೀಟು ಸಿಗದು. ಪುಸ್ತಕದಲ್ಲಿ ಸೊನ್ನೆ ಕೂಡುತ್ತದೆ. ಬಾವಿಗೆ ಹೂಳು ತುಂಬುವುದು ಹೀಗೆಯೇ, ಒಂದೇ ದಿನದಲ್ಲಲ್ಲ.

2020ರ ಅನುಭವ ನಮಗೆ ಎಚ್ಚರಿಕೆಯಾಗಬೇಕು. ಆ ವರ್ಷದ ಮಾರ್ಚಿಯಲ್ಲಿ ಕೊರೋನಾ ರೋಗದ ಕಾರಣ ದೇಶದ ಪ್ರಯಾಣಿಕ ಗಾಡಿಗಳೆಲ್ಲ ನಿಂತವು. ಮತ್ತೆ ಶುರುವಾದಾಗ ದೇಶದಾದ್ಯಂತ ಅನೇಕ ಪ್ಯಾಸೆಂಜರ್ ಗಾಡಿಗಳು ‘ಸ್ಪೆಶಲ್’ ಎಂಬ ಹೆಸರಿನಲ್ಲಿ ಬಂದವು. ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ಆಯಿತು. ಎಷ್ಟೋ ಸಣ್ಣ ಸ್ಟೇಶನ್ನುಗಳ ನಿಲುಗಡೆ ಹೊಸ ಪಟ್ಟಿಯಲ್ಲಿ ಕಾಣಲಿಲ್ಲ. ಹಳೆಯ ದರ ಮರಳಿ ಬಂದದ್ದು 2024ರ ಫೆಬ್ರುವರಿಯಲ್ಲಿ. ಆ ನಾಲ್ಕು ವರ್ಷಗಳಲ್ಲಿ ಜನ ಬಸ್ಸು, ಟಂಟಂ, ಮೋಟಾರ್ ಸೈಕಲ್ಲುಗಳಿಗೆ ಒಗ್ಗಿಕೊಂಡರು. ದರ ಇಳಿಯಿತೆಂದು ರೂಢಿ ತಾನಾಗಿ ತಿರುಗಿ ಬರುವುದಿಲ್ಲ. ನಿಲುಗಡೆ ಒಮ್ಮೆ ಕೈತಪ್ಪಿದರೆ ಮತ್ತೆ ಪಡೆಯುವುದು ಮೊದಲಿಗಿಂತ ಕಷ್ಟ.

ಚಿಗರಿ ಬಸ್ಸುಗಳು ಬಂದ ಮೇಲೆ ಅಮರಗೋಳದಲ್ಲಿ ರೈಲು ಏಕೆ ಬೇಕು ಎನ್ನುವವರಿದ್ದಾರೆ. 2018ರ ಅಕ್ಟೋಬರಿನಿಂದ ಓಡುತ್ತಿರುವ ಈ ಬಸ್ಸುಗಳು ನವನಗರದವರಿಗೂ ಅವಳಿ ನಗರದವರಿಗೂ ಒಳ್ಳೆಯ ಅನುಕೂಲ ಮಾಡಿವೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವನು ರೈಲಿಗೆ ಕಾಯಬೇಕಿಲ್ಲ ಎಂಬುದನ್ನು ಒಪ್ಪೋಣ. ಆದರೆ ಚಿಗರಿ ಮುಗದಕ್ಕೂ ಹೋಗುವುದಿಲ್ಲ, ಕಂಬಾರಗಣವಿಗೂ ಹೋಗುವುದಿಲ್ಲ. ಅವಳಿ ನಗರದ ಪ್ರಯಾಣಿಕ ಬೇರೆ, ಹಳ್ಳಿಯಿಂದ ಬರುವವನು ಬೇರೆ. ಮೊದಲನೆಯವನಿಗೆ ಬಸ್ಸಿದೆ ಎಂದು ಎರಡನೆಯವನ ನಿಲುಗಡೆಯನ್ನು ತೂಗಬಾರದು.

ಈಗ ಊರಿನವರು ಮಾಡಬೇಕಾದ ಕೆಲಸಗಳು:

ಒಂದು. ಪ್ರಯಾಣ ಎಷ್ಟೇ ಚಿಕ್ಕದಿರಲಿ, ತಿಕೀಟನ್ನು ನಿಮ್ಮೂರ ಸ್ಟೇಶನ್ನಿನಿಂದಲೇ ತೆಗೆಯಿರಿ. ದೂರದ ಊರಿಗೆ ಹೋಗುವುದಿದ್ದರೂ ಅಲ್ಲಿಂದಲೇ ನೇರ ತಿಕೀಟು ಸಿಗುವುದೇ ಎಂದು ಮೊದಲು ವಿಚಾರಿಸಿರಿ.

ಎರಡು. ಮೊಬೈಲ್ ಫೋನಿನಲ್ಲಿ ತಿಕೀಟು ತೆಗೆಯುವ ಹುಡುಗರಿಗೆ ಹೇಳಿರಿ: ಹೊರಡುವ ಸ್ಟೇಶನ್ ಎಂಬಲ್ಲಿ ಹುಬ್ಬಳ್ಳಿ, ಧಾರವಾಡ ಎಂದು ಒತ್ತದೆ ನಿಮ್ಮೂರ ಹೆಸರನ್ನೇ ಆರಿಸಬೇಕು.

ಮೂರು. ದಿನಾಲು ಕಾಲೇಜಿಗೆ, ಕೆಲಸಕ್ಕೆ ಹೋಗುವವರು ತಿಂಗಳ ಪಾಸನ್ನು ಮಾಡಿಸಲಿ. 150 ಕಿಲೋಮೀಟರ್ ದೂರದವರೆಗೆ ಪಾಸು ಸಿಗುತ್ತದೆ. ಅದರಲ್ಲಿಯೂ ಹೊರಡುವ ಸ್ಟೇಶನ್ ನಿಮ್ಮೂರದೇ ಇರಲಿ.

ನಾಲ್ಕು. ಏಜೆಂಟನಿಲ್ಲದ ಹಾಲ್ಟಿನಲ್ಲಿ ಸುಮ್ಮನೆ ಹತ್ತಬೇಡಿ. ಹತ್ತುವ ಮೊದಲೇ ಗಾರ್ಡರಿಗೆ ತಿಳಿಸಿರಿ. 2022ರಿಂದ ಅವರನ್ನು ಟ್ರೇನ್ ಮ್ಯಾನೇಜರ್ ಎನ್ನುತ್ತಾರೆ. ಏಜೆಂಟನಾಗಲು ಊರಿನಲ್ಲಿಯೇ ಯಾರಾದರೂ ಮುಂದೆ ಬಂದರೆ ಪಂಚಾಯತಿ ಅವರ ಬೆನ್ನಿಗೆ ನಿಲ್ಲಲಿ.

ಐದು. ಎರಡನೆಯ ದರ್ಜೆಯಲ್ಲಿ ತಲೆಗೆ 35 ಕಿಲೋ ಸಾಮಾನನ್ನು ಪುಕ್ಕಟೆಯಾಗಿ ಒಯ್ಯಬಹುದು. ಕಾಯಿಪಲ್ಲೆಯ ಬುಟ್ಟಿ ಒಯ್ಯುವವರು ಇದನ್ನು ತಿಳಿದಿರಬೇಕು. ಹೆಚ್ಚಿನದನ್ನು ಬುಕ್ ಮಾಡಿಸಿ ಒಯ್ಯಿರಿ. ಬಾಗಿಲಿಗೆ ಅಡ್ಡ ಇಟ್ಟು ಜಗಳಕ್ಕೆ ಕಾರಣರಾಗಬೇಡಿ.

ಆರು. ನಿಲುಗಡೆ ಬೇಕೆನ್ನುವ ಊರು ಬರೀ ಘೋಷಣೆ ಕೂಗದೆ ಲೆಕ್ಕ ಕೂಡಿಸಲಿ. ಎಷ್ಟು ವಿದ್ಯಾರ್ಥಿಗಳು, ಎಷ್ಟು ಹಾಲು-ಕಾಯಿಪಲ್ಲೆ ಮಾರುವವರು, ಆಸ್ಪತ್ರೆಗೆ ಹೋಗುವವರು ಎಷ್ಟು, ಯಾವ ಹೊತ್ತಿನ ಗಾಡಿ ಬೇಕು, ಸುತ್ತಲಿನ ಯಾವ ಹಳ್ಳಿಗಳಿಗೆ ಅದು ಅನುಕೂಲ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು, ಗ್ರಾಮಸಭೆಯಲ್ಲಿ ಠರಾವು ಮಾಡಿ, ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೂ ನಿಮ್ಮ ಲೋಕಸಭಾ ಸದಸ್ಯರಿಗೂ ಕಳಿಸಿರಿ. ವಿಭಾಗಕ್ಕೂ ವಲಯಕ್ಕೂ ರೈಲು ಬಳಕೆದಾರರ ಸಲಹಾ ಸಮಿತಿಗಳಿವೆ. ಅವುಗಳ ಸದಸ್ಯರಿಗೂ ಒಂದು ಪ್ರತಿ ಹೋಗಲಿ. ನಿಮ್ಮ ಸ್ಟೇಶನ್ನಿನಲ್ಲಿ ತಿಂಗಳಿಗೆ ಎಷ್ಟು ತಿಕೀಟು ಮಾರಾಟವಾಗಿದೆ ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು. ಆ ಅಂಕೆಯನ್ನು ವಾಚನಾಲಯದ ಗೋಡೆಗೆ ಬರೆದು ಹಾಕಿರಿ. ಊರಿಗೆ ತನ್ನ ಮುಖ ಕನ್ನಡಿಯಲ್ಲಿ ಕಂಡಂತಾಗುತ್ತದೆ.

ಹೀಗೆ ಊರಿನವರಿಗೆ ಬುದ್ಧಿ ಹೇಳಿದ ಮೇಲೆ ರೈಲ್ವೆಯವರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು.

ಪ್ರಾಯೋಗಿಕ ನಿಲುಗಡೆಯ ಆರು ತಿಂಗಳು ಯಾವ ಆರು ತಿಂಗಳು? ನಮ್ಮ ಸೀಮೆಯಲ್ಲಿ ಹೆಸರು ಪೇಟೆಗೆ ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ಅದರ ಹಿಂದೆ ಶೇಂಗಾ, ಉಳ್ಳಾಗಡ್ಡಿ. ದೀಪಾವಳಿ ದಾಟಿದ ಮೇಲೆ ಹತ್ತಿ. ಸಂಕ್ರಮಣದ ನಂತರ ಒಣಮೆಣಸಿನಕಾಯಿ, ಕಡಲೆ, ಜೋಳ. ಒಕ್ಕಲಿಗನ ಕೈಯಲ್ಲಿ ದುಡ್ಡಾಡುವುದೂ ಅವನು ಪೇಟೆಗೆ ಓಡಾಡುವುದೂ ಈ ದಿನಗಳಲ್ಲಿಯೇ. ಮಾರ್ಚಿ ಕೊನೆಗೆ ನಿಲುಗಡೆ ಕೊಟ್ಟು ಸೆಪ್ಟೆಂಬರಿಗೆ ಲೆಕ್ಕ ಮುಗಿಸಿದರೆ ಬಿಸಿಲು, ಬಿತ್ತನೆ, ಕಳೆ ಕೀಳುವ ಕಾಲವೇ ಅಳತೆಗೋಲಾಯಿತು. ಬಿತ್ತಿದ ಹೊಲಕ್ಕೆ ಸುಗ್ಗಿಗೆ ಮೊದಲೇ ಹೋಗಿ ಬೆಳೆಯಿಲ್ಲ ಎಂದು ಬರೆದುಕೊಂಡಂತೆ ಇದು. ಹಳ್ಳಿಯ ಸ್ಟೇಶನ್ನಿನ ಪ್ರಯೋಗಕ್ಕೆ ಒಂದು ವರ್ಷದ ಅವಧಿ ಕೊಡಬೇಕು. ಅದಾಗದಿದ್ದರೆ ಆ ಆರು ತಿಂಗಳೊಳಗೆ ಒಂದು ಸುಗ್ಗಿಯಾದರೂ ಇರಬೇಕು.

ಎರಡನೆಯದು. ದೊಡ್ಡ ಜಾತ್ರೆ-ಉತ್ಸವಗಳ ದಿನಗಳಲ್ಲಿ ಸಣ್ಣ ಸ್ಟೇಶನ್ನುಗಳಿಗೆ ತಾತ್ಕಾಲಿಕ ನಿಲುಗಡೆ ಕೊಡುವ ವಾಡಿಕೆ ರೈಲ್ವೆಯಲ್ಲಿ ಇದೆ. ಜನರ ಅಗತ್ಯ ಕಂಡು ನಿಲ್ಲಿಸುವ ಈ ಪದ್ಧತಿಯೇ ನಮ್ಮ ದೇಶದ ಕೋರಿಕೆಯ ನಿಲುಗಡೆ. ಜಾತ್ರೆಗೆ ಆಗುವುದು ಸುಗ್ಗಿಗೆ ಏಕೆ ಆಗಬಾರದು? ಹೆಸರು ಬರುವ ಎರಡು ತಿಂಗಳು, ಹತ್ತಿ-ಮೆಣಸಿನಕಾಯಿಯ ಮೂರು ತಿಂಗಳು ಅಮರಗೋಳದಂಥ ಮಾರುಕಟ್ಟೆಯ ಸ್ಟೇಶನ್ನಿನಲ್ಲಿ ಇನ್ನೂ ಒಂದೆರಡು ಗಾಡಿಗಳನ್ನು ಬೆಳಿಗ್ಗೆ-ಸಂಜೆ ನಿಲ್ಲಿಸಿ ನೋಡಲಿ. ಹತ್ತಿದವರ ತಿಕೀಟನ್ನಷ್ಟೇ ಅಲ್ಲ, ಇಳಿದವರ ಸಂಖ್ಯೆಯನ್ನೂ ಎಣಿಸಲಿ. ಮಾರುಕಟ್ಟೆಯ ಸ್ಟೇಶನ್ನಿಗೆ ಬೆಳಿಗ್ಗೆ ಬರುವವರೆಲ್ಲ ಬೇರೆ ಊರಿನ ತಿಕೀಟು ಹಿಡಿದೇ ಬರುತ್ತಾರೆ ಎಂಬುದು ತಿಳಿಯದ ಸಂಗತಿಯಲ್ಲ.

ಬಾಂಧವರೇ, ನಿಮ್ಮೂರ ವಾಚನಾಲಯದಲ್ಲಿ, ಈಗ ಅರಿವು ಕೇಂದ್ರವೆಂದು ಕರೆಯುವಲ್ಲಿ, ಓದು ಬಲ್ಲವರು ಇದನ್ನು ಗಟ್ಟಿಯಾಗಿ ಓದಿ ಉಳಿದವರಿಗೆ ಹೇಳಲಿ. ಗಾಡಿ ಹತ್ತುವಾಗ ಹತ್ತು ರೂಪಾಯಿ ಕೊಡುವುದು ದಂಡವಲ್ಲ, ಊರಿನ ಹೆಸರನ್ನು ದಫ್ತರದಲ್ಲಿ ಉಳಿಸುವ ಕಾಣಿಕೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಒಕ್ಕಲಿಗನಿಗೆ ಹೊಸದಾಗಿ ಹೇಳಬೇಕಿಲ್ಲ.

ನಾಳೆ ಮುಂಜಾನೆ ಪೇಟೆಗೆ ಹೊರಟಾಗ ಐದು ನಿಮಿಷ ಮೊದಲೇ ಮನೆ ಬಿಡಿ. ಕಿಟಕಿಯ ಮುಂದೆ ನಿಂತು ನಿಮ್ಮೂರ ಹೆಸರಿನ ತಿಕೀಟು ಕೇಳಿ ತೆಗೆದುಕೊಳ್ಳಿ.